ಆಷಾಢದಲ್ಲಿ ಮುಗಿಸಬೇಕಾದ ಸ್ಟುಡಿಯೊ ಕೆಲಸ

ಮದುವೆ ಫೋಟೊ ತೆಗೆಯುವವರಿಗೆ ಆಷಾಢ ಬಿಡುವಿನ ತಿಂಗಳು. ಮುಹೂರ್ತಗಳಿಲ್ಲ, ಛತ್ರಗಳಿಗೆ ಬೀಗ. ವೈಶಾಖ, ಜ್ಯೇಷ್ಠದಲ್ಲಿ ತೆಗೆದ ಸಾವಿರಾರು ಚಿತ್ರಗಳ ಎಡಿಟಿಂಗ್, ಆಲ್ಬಂ ಡಿಸೈನ್, ಬಾಕಿ ವಸೂಲಿ ಎನ್ನುವಷ್ಟರಲ್ಲಿ ಶ್ರಾವಣ ಬಂದುಬಿಡುತ್ತದೆ. ಇದೇ ಬಿಡುವಿನಲ್ಲಿ ಮಾಡಿಕೊಳ್ಳಬೇಕಾದ ಇನ್ನೊಂದು ಕೆಲಸವನ್ನು ಮಾತ್ರ ಹೆಚ್ಚಿನವರು ಮುಂದಿನ ವರ್ಷಕ್ಕೆ ತಳ್ಳುತ್ತಾರೆ. ಅದು ಕಾಗದಪತ್ರದ ಕೆಲಸ. ‘ನಮ್ಮದು ಸಣ್ಣ ಸ್ಟುಡಿಯೊ, ತೆರಿಗೆ-ಗಿರಿಗೆ ನಮಗ್ಯಾಕೆ’ ಅನ್ನುವ ಮಾತು ಊರೂರಲ್ಲೂ ಕೇಳಿಬರುತ್ತದೆ.

ಆ ಧೈರ್ಯ ಅಲುಗಾಡಿದ್ದು 2025ರ ಜುಲೈನಲ್ಲಿ. ಯುಪಿಐ ಮೂಲಕ ಬಂದ ಹಣದ ಮೊತ್ತ ನೋಡಿಕೊಂಡು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದದ್ದು 29 ಲಕ್ಷ ರೂಪಾಯಿಯ ನೋಟಿಸ್. ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಕೊನೆಗೆ ಮುಖ್ಯಮಂತ್ರಿಯೇ ಸಭೆ ಕರೆದು, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಸಲೇಬೇಕು ಎಂದರು. ತರಕಾರಿ ವ್ಯಾಪಾರಿಗಿದ್ದ ವಿನಾಯಿತಿ ಫೋಟೊಗ್ರಾಫರ್‌ಗೆ ಇಲ್ಲ. ಫೋಟೊಗ್ರಫಿ ಕಾನೂನಿನ ಕಣ್ಣಲ್ಲಿ ಒಂದು ಸೇವೆ, ಅದರ ಮೇಲೆ ಶೇ 18ರ ಜಿಎಸ್‌ಟಿ ಇದೆ.

ಹಾಗೆಂದು ಹೆದರಬೇಕಾದ್ದೇನೂ ಇಲ್ಲ. ಸಣ್ಣ ಸ್ಟುಡಿಯೊ ಕಟ್ಟಬೇಕಾದ ತೆರಿಗೆ ಅನೇಕರು ಅಂದುಕೊಂಡದ್ದಕ್ಕಿಂತ ಕಡಿಮೆ. ನಿಜವಾದ ನಷ್ಟ ಆಗುವುದು ಕಾಗದ ಇಲ್ಲದಿರುವುದರಿಂದ.

ಹೆಸರು, ಬೋರ್ಡು, ಪರವಾನಗಿ

ಒಬ್ಬರೇ ನಡೆಸುವ ಸ್ಟುಡಿಯೊ ಏಕ ಮಾಲೀಕತ್ವದ ಸಂಸ್ಥೆ. ಅದಕ್ಕೆ ಬೇರೆ ನೋಂದಣಿ, ಬೇರೆ ಪ್ಯಾನ್ ಯಾವುದೂ ಇಲ್ಲ. ಮಾಲೀಕರ ಪ್ಯಾನೇ ಸ್ಟುಡಿಯೊದ ಪ್ಯಾನ್. ಶುರು ಮಾಡಲು ಇಷ್ಟು ಸುಲಭದ ದಾರಿ ಬೇರೆ ಇಲ್ಲ. ತೊಡಕು ಏನೆಂದರೆ ಸ್ಟುಡಿಯೊದ ಸಾಲವೂ ನಿಮ್ಮದೇ, ಗ್ರಾಹಕರು ಕೇಸು ಹಾಕಿದರೆ ಪರಿಹಾರ ಹೋಗುವುದೂ ನಿಮ್ಮ ಜೇಬಿನಿಂದಲೇ.

ಇಬ್ಬರು ಗೆಳೆಯರು ಸೇರಿ, ಒಬ್ಬರು ಫೋಟೊ, ಒಬ್ಬರು ವಿಡಿಯೊ ಎಂದು ನಡೆಸುವುದು ನಮ್ಮಲ್ಲಿ ಸಾಮಾನ್ಯ. ಹಾಗಾದರೆ 1932ರ ಪಾಲುದಾರಿಕೆ ಕಾಯ್ದೆಯಡಿ ಒಂದು ಕರಾರುಪತ್ರ ಬರೆದುಕೊಳ್ಳಿ. ಸಂಸ್ಥೆಯನ್ನು ನೋಂದಾಯಿಸುವುದು ಕಡ್ಡಾಯವಲ್ಲ. ಆದರೆ ನೋಂದಣಿ ಇಲ್ಲದ ಪಾಲುದಾರಿಕೆ ಸಂಸ್ಥೆ, ದುಡ್ಡು ಕೊಡದ ಗ್ರಾಹಕರ ಮೇಲೆ ಕರಾರಿನ ಆಧಾರದಲ್ಲಿ ಸಿವಿಲ್ ದಾವೆ ಹೂಡುವಂತಿಲ್ಲ. ಲಾಭ ಹಂಚಿಕೆಯ ಲೆಕ್ಕವನ್ನು ಎಲ್ಲರೂ ಬರೆಯುತ್ತಾರೆ; ಯಾವ ಬಾಡಿ, ಯಾವ ಲೆನ್ಸ್, ಯಾವ ಗಿಂಬಲ್ ಯಾರದು ಎಂಬುದನ್ನು ಬರೆಯುವವರು ಕಡಿಮೆ. ಜೊತೆ ಮುರಿದಾಗ ಜಗಳ ಆಗುವುದು ಅದರ ಮೇಲೆಯೇ. ಸೀರಿಯಲ್ ನಂಬರ್ ಸಮೇತ ಪಟ್ಟಿ ಮಾಡಿ ಕರಾರಿಗೆ ಲಗತ್ತಿಸಿ. ಎಲ್‌ಎಲ್‌ಪಿ, ಪ್ರೈವೇಟ್ ಲಿಮಿಟೆಡ್ ಎಂದು ಹೋಗುವುದು ದೊಡ್ಡ ಜಾಹೀರಾತು ಕೆಲಸ ಹಿಡಿಯುವವರಿಗೆ ಸರಿ. ಊರಿನ ಸ್ಟುಡಿಯೊಗೆ ಅದು ಆಡಿಟರ್ ಫೀಸು ಹೆಚ್ಚಿಸುವ ದಾರಿಯಷ್ಟೇ.

ಅಂಗಡಿ ತೆರೆದ ಮೇಲೆ 30 ದಿನದೊಳಗೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರಡಿ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ ಆಗಬೇಕು. ಇಲಾಖೆಯ ಇ-ಕಾರ್ಮಿಕ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಉದ್ಯಮ ಪರವಾನಗಿ, ಅಂದರೆ ಟ್ರೇಡ್ ಲೈಸೆನ್ಸ್, ಕೊಡುವುದು ಸ್ಥಳೀಯ ಸಂಸ್ಥೆ: ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ, ಪಟ್ಟಣದಲ್ಲಿ ಪುರಸಭೆ ಅಥವಾ ನಗರಸಭೆ, ಬೆಂಗಳೂರಿನಲ್ಲಾದರೆ ಈಗಿನ ಐದು ನಗರ ಪಾಲಿಕೆಗಳಲ್ಲಿ ನಿಮ್ಮ ವಾರ್ಡ್ ಯಾವುದಕ್ಕೆ ಸೇರಿದೆಯೋ ಅದು. ಬೋರ್ಡ್ ಬರೆಸುವ ಮುನ್ನ ಒಂದು ಮಾತು. 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ‘ಡಿಜಿಟಲ್ ಸ್ಟುಡಿಯೊ’ ಎಂದು ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಬರೆಸಿ, ಕನ್ನಡವನ್ನು ಮೂಲೆಗೆ ಸರಿಸಿದ ಬೋರ್ಡನ್ನು ಮತ್ತೆ ಬರೆಸಬೇಕಾದೀತು.

ಉದ್ಯಮ್ ನೋಂದಣಿಯನ್ನು ಮಾತ್ರ ಇಂದೇ ಮಾಡಿಸಿಕೊಳ್ಳಿ. ಆಧಾರ್, ಪ್ಯಾನ್ ಇದ್ದರೆ ಸಾಕು, ಶುಲ್ಕ ಇಲ್ಲ. ಉದ್ಯಮ್‌ಗೆ ದುಡ್ಡು ಕೇಳುವ ವೆಬ್‌ಸೈಟ್ ಎದುರಾದರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ. ಕರೆಂಟ್ ಖಾತೆ ತೆರೆಯಲು ಬ್ಯಾಂಕ್ ಕೇಳುವ ಎರಡು ದಾಖಲೆಗಳಲ್ಲಿ ಒಂದಕ್ಕೆ ಇದು ಆಗುತ್ತದೆ, ಮುದ್ರಾ ಸಾಲಕ್ಕೆ ಅರ್ಜಿ ಹಾಕುವಾಗಲೂ ಬೇಕಾಗುತ್ತದೆ. ಇನ್ನೂ ಒಂದು ಉಪಯೋಗವಿದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಉದ್ಯಮ್ ಇರುವ ಸಣ್ಣ ಸಂಸ್ಥೆಗೆ ಕಂಪನಿಗಳು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಾರ್ಖಾನೆಯ ವಾರ್ಷಿಕೋತ್ಸವದ ಫೋಟೊ ತೆಗೆದು ಆರು ತಿಂಗಳಿಂದ ಅಕೌಂಟ್ಸ್ ವಿಭಾಗಕ್ಕೆ ಫೋನ್ ಮಾಡುತ್ತಿರುವವರು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಲಿ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸಿದರೆ ಮಾತು ಬೇಗ ಮುಗಿಯುತ್ತದೆ.

ವೃತ್ತಿ ತೆರಿಗೆ ಬೇರೆಯೇ. ರಾಜ್ಯಕ್ಕೆ ಕಟ್ಟುವ ಇದು ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ಏಪ್ರಿಲ್ ಮುಗಿಯುವುದರೊಳಗೆ ಕಟ್ಟಿಬಿಡಿ.

ಕೈಗೆ ಉಳಿದದ್ದಲ್ಲ, ಕೈಗೆ ಬಂದದ್ದು

ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಅಂಗಡಿಯವರು ಹೇಳುವ 40 ಲಕ್ಷದ ಮಿತಿ ಸರಕು ಮಾರುವವರಿಗೆ, ನಮಗಲ್ಲ. ಫ್ರೇಮು, ಆಲ್ಬಂ ಕೊಡುತ್ತೇವಲ್ಲ ಎಂದು ವಾದಿಸಿ ಫಲವಿಲ್ಲ.

ವಹಿವಾಟು ಅಂದರೇನು ಎಂಬಲ್ಲೇ ಎಡವುವವರು ಹೆಚ್ಚು. ಒಂದು ಮದುವೆಯ ಆರ್ಡರ್ 1,40,000 ರೂಪಾಯಿ ಎಂದುಕೊಳ್ಳಿ. ಅದರಲ್ಲಿ ಆಲ್ಬಂ ಲ್ಯಾಬ್‌ಗೆ 25,000, ಕ್ಯಾಂಡಿಡ್‌ಗೆ ಬಂದ ಗೆಳೆಯನಿಗೆ 20,000, ವಿಡಿಯೊ ಎಡಿಟರ್‌ಗೆ 15,000, ಡ್ರೋನ್‌ನವನಿಗೆ 10,000. ನಿಮ್ಮ ಕೈಗೆ ಉಳಿದದ್ದು 70,000. ವರ್ಷಕ್ಕೆ 15 ಮದುವೆ ಮಾಡಿದರೆ ನಿಮ್ಮ ಮನಸ್ಸಿನಲ್ಲಿರುವುದು ಹತ್ತೂವರೆ ಲಕ್ಷದ ದುಡಿಮೆ. ಕಾನೂನಿನ ಲೆಕ್ಕದಲ್ಲಿ ಅದು 21 ಲಕ್ಷದ ವಹಿವಾಟು. ಮಿತಿ ದಾಟಿಯಾಯಿತು. ಈ ಲೆಕ್ಕ ನಡೆಯುವುದು ಪ್ಯಾನ್ ಮೇಲೆ. ಅದೇ ಪ್ಯಾನ್‌ನಲ್ಲಿ ಜೆರಾಕ್ಸ್ ಅಂಗಡಿಯೂ ಇದ್ದರೆ ಅದರ ವ್ಯಾಪಾರವೂ ಸೇರುತ್ತದೆ. ಬಾಡಿಗೆಗೆ ಕೊಟ್ಟ ಮನೆಯಿದ್ದರೆ ಆ ಬಾಡಿಗೆಗೆ ತೆರಿಗೆ ಇಲ್ಲದಿದ್ದರೂ ಮಿತಿಯ ಲೆಕ್ಕಕ್ಕೆ ಬರುತ್ತದೆ.

ಇದಕ್ಕೆ ಕಾನೂನಿನೊಳಗೇ ಒಂದು ದಾರಿ ಇದೆ. ಡ್ರೋನ್‌ನವರು, ಎಲ್‌ಇಡಿ ವಾಲ್‌ನವರು ತಮ್ಮ ಬಿಲ್ಲನ್ನು ನೇರವಾಗಿ ಮದುವೆ ಮನೆಯವರಿಗೇ ಕೊಟ್ಟು, ಹಣವನ್ನೂ ಅವರಿಂದಲೇ ಪಡೆದರೆ ಆ ಮೊತ್ತ ನಿಮ್ಮ ವಹಿವಾಟಿಗೆ ಸೇರುವುದಿಲ್ಲ. ನಿಜವಾಗಿಯೂ ಹಾಗೆಯೇ ನಡೆಯಬೇಕು. ಎಲ್ಲ ಹಣ ನಿಮ್ಮ ಫೋನ್‌ಪೇಗೆ ಬಂದು, ಅಲ್ಲಿಂದ ಹಂಚಿಕೆಯಾದರೆ ಆ ಮಾತಿಗೆ ಬೆಲೆಯಿಲ್ಲ.

ಇಲ್ಲಿಗೇ ಬರುವುದು ಬ್ಯಾಂಕ್ ಖಾತೆಯ ಮಾತು. ಮನೆ ಖರ್ಚು, ಚೀಟಿ ಹಣ, ತಮ್ಮ ವಾಪಸು ಕೊಟ್ಟ ಕೈಸಾಲ, ಮದುವೆಯ ಅಡ್ವಾನ್ಸ್ ಎಲ್ಲವೂ ಒಂದೇ ಖಾತೆಗೆ ಬೀಳುತ್ತಿದ್ದರೆ ನೋಟಿಸ್ ಬಂದ ದಿನ ಒಂದೊಂದು ಸಾಲಿಗೂ ವಿವರಣೆ ಕೊಡುತ್ತ ಕೂರಬೇಕು. ಸ್ಟುಡಿಯೊ ಹೆಸರಿನಲ್ಲಿ ಒಂದು ಕರೆಂಟ್ ಖಾತೆ, ಕ್ಯುಆರ್ ಕೋಡ್ ಅದಕ್ಕೇ. ನಿಮ್ಮ ಸಂಸಾರಕ್ಕೆ ಬೇಕಾದ ಹಣವನ್ನು ತಿಂಗಳಿಗೊಮ್ಮೆ ಅಲ್ಲಿಂದ ಉಳಿತಾಯ ಖಾತೆಗೆ ಹಾಕಿಕೊಳ್ಳಿ. ಈ ಲೇಖನದ ಸಲಹೆಗಳಲ್ಲಿ ಒಂದನ್ನು ಮಾತ್ರ ಪಾಲಿಸುವುದಾದರೆ ಇದನ್ನೇ ಪಾಲಿಸಿ.

ಮಿತಿ ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಆಗ ಎದುರಾಗುವ ಆಯ್ಕೆ ಎರಡು. ಒಂದು ಮಾಮೂಲಿ ಪದ್ಧತಿ. ಗ್ರಾಹಕರಿಂದ ಶೇ 18 ವಸೂಲು ಮಾಡಿ, ನೀವು ಲ್ಯಾಬ್‌ಗೆ, ಕ್ಯಾಮೆರಾ ಅಂಗಡಿಗೆ ಕೊಟ್ಟ ಜಿಎಸ್‌ಟಿಯನ್ನು ಅದರಲ್ಲಿ ಕಳೆದು ಉಳಿದದ್ದನ್ನು ಕಟ್ಟುವುದು. ಇನ್ನೊಂದು ಕಾಂಪೊಸಿಷನ್. ಹಿಂದಿನ ವರ್ಷದ ವಹಿವಾಟು 50 ಲಕ್ಷದೊಳಗಿದ್ದ ಸೇವಾದಾರರು ಶೇ 6 ಕಟ್ಟಿದರೆ ಮುಗಿಯಿತು. ಆದರೆ ಅದನ್ನು ಗ್ರಾಹಕರಿಂದ ತೆರಿಗೆ ಎಂದು ಬೇರೆಯಾಗಿ ಕೇಳುವಂತಿಲ್ಲ, ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂತರರಾಜ್ಯ ಸೇವೆ ಕೊಡುವಂತಿಲ್ಲ. ಬೋರ್ಡಿನ ಮೇಲೂ ಬಿಲ್ಲಿನ ಮೇಲೂ ಕಾಂಪೊಸಿಷನ್ ತೆರಿಗೆದಾರ ಎಂದು ಬರೆದಿರಬೇಕು.

ಯಾವುದು ಲೇಸು? ನಿಮ್ಮ ಗ್ರಾಹಕರು ಯಾರು ಎಂಬುದರ ಮೇಲೆ ಹೋಗುತ್ತದೆ. ಮದುವೆ, ನಾಮಕರಣ, ಗೃಹಪ್ರವೇಶದವರು ಜಿಎಸ್‌ಟಿ ಬಿಲ್ ಪಡೆದು ಮಾಡುವುದೇನೂ ಇಲ್ಲ; ಅವರು ನೋಡುವುದು ಒಟ್ಟು ಎಷ್ಟು ಎಂದು. 1,40,000ದ ಆರ್ಡರಿಗೆ ಕಾಂಪೊಸಿಷನ್‌ನಲ್ಲಿ ನಿಮ್ಮ ಜೇಬಿನಿಂದ ಹೋಗುವುದು 8,400. ಅದೇ ಮೊತ್ತದೊಳಗೆ ಶೇ 18 ಸೇರಿದೆ ಎಂದರೆ ತೆರಿಗೆ 21,356 ರೂಪಾಯಿ ಆಗುತ್ತದೆ, ಅದರಲ್ಲಿ ಲ್ಯಾಬ್ ಬಿಲ್ಲಿನ ಕ್ರೆಡಿಟ್ ಕಳೆದರೂ ಕಾಂಪೊಸಿಷನ್ನೇ ಅಗ್ಗ. ಕಂಪನಿಗಳ ಕಾರ್ಯಕ್ರಮ, ಆಭರಣದಂಗಡಿಯ ಕ್ಯಾಟಲಾಗ್, ಹೋಟೆಲುಗಳ ಶೂಟ್ ಮಾಡುವವರಿಗೆ ಮಾತು ತಿರುಗುಮುರುಗು. ಆ ಗ್ರಾಹಕರಿಗೆ ಇನ್‌ಪುಟ್ ಕ್ರೆಡಿಟ್ ಬೇಕು, ತೆರಿಗೆ ಬಿಲ್ ಕೊಡದವರನ್ನು ಅವರು ಕರೆಯುವುದೇ ಇಲ್ಲ. ಹೊಸ ಬಾಡಿ ಕೊಳ್ಳುವ ವರ್ಷದಲ್ಲೂ ಲೆಕ್ಕ ಹಾಕಿ ನೋಡಿ: 2 ಲಕ್ಷದ ಕ್ಯಾಮೆರಾದ ಮೇಲಿನ 36,000 ರೂಪಾಯಿ ಜಿಎಸ್‌ಟಿ ಮಾಮೂಲಿ ಪದ್ಧತಿಯವರಿಗೆ ಕ್ರೆಡಿಟ್ ಆಗಿ ಸಿಗುತ್ತದೆ.

ಮಾಮೂಲಿ ಪದ್ಧತಿಗೆ ಹೋದವರು ಎರಡು ವಿಷಯ ಮರೆಯಬಾರದು. ಸೇವೆಯಲ್ಲಿ ಅಡ್ವಾನ್ಸ್ ಬಂದ ಕೂಡಲೇ ಅದರ ಮೇಲಿನ ತೆರಿಗೆಯ ಹೊಣೆ ಹುಟ್ಟುತ್ತದೆ. ಫೆಬ್ರುವರಿಯ ಮದುವೆಗೆ ಅಕ್ಟೋಬರ್‌ನಲ್ಲಿ 50,000 ಪಡೆದರೆ ತೆರಿಗೆ ಅಕ್ಟೋಬರ್ ಲೆಕ್ಕಕ್ಕೇ. ಹಾಗೆಯೇ, ಅಂಗಡಿ ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ 2024ರ ಅಕ್ಟೋಬರ್ 10ರಿಂದ ಬಾಡಿಗೆಯ ಮೇಲಿನ ಶೇ 18ನ್ನು ಬಾಡಿಗೆದಾರರೇ ಕಟ್ಟಿ, ಆಮೇಲೆ ಕ್ರೆಡಿಟ್ ಪಡೆಯಬೇಕು. ಕಾಂಪೊಸಿಷನ್‌ನವರಿಗೆ ಈ ಕಾಟ ಇಲ್ಲ.

ಆದಾಯ ತೆರಿಗೆಯಲ್ಲಿ ನಿಜ ಬರೆದರೆ ಲಾಭ

1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿದೆ. ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ಆಡಿಟರುಗಳ ಬಾಯಲ್ಲಿ ಮಾತ್ರ ಇನ್ನೂ 44ಎಡಿ, 44ಎಡಿಎ ಎಂದೇ ಇದೆ. ಸಣ್ಣವರಿಗೆ ಬೇಕಾದದ್ದು ಈ ಅಂದಾಜು ಲಾಭದ ಪದ್ಧತಿ. ವಹಿವಾಟು 2 ಕೋಟಿಯೊಳಗಿದ್ದರೆ ಖರ್ಚಿನ ಲೆಕ್ಕವನ್ನೆಲ್ಲ ಒಪ್ಪಿಸಬೇಕಿಲ್ಲ. ಬ್ಯಾಂಕ್, ಯುಪಿಐ ಮೂಲಕ ಬಂದದ್ದರ ಶೇ 6, ನಗದಾಗಿ ಬಂದದ್ದರ ಶೇ 8 ಕನಿಷ್ಠ ಲಾಭ ಎಂದು ತೋರಿಸಬಹುದು. ಇದು ವ್ಯಾಪಾರಕ್ಕೆ ಇರುವ 44ಎಡಿ. ವಕೀಲರು, ವೈದ್ಯರು ಮುಂತಾದ ಪಟ್ಟಿ ಮಾಡಿದ ವೃತ್ತಿಗಳಿಗೆ 44ಎಡಿಎ, ಅಲ್ಲಿ ಕನಿಷ್ಠ ಶೇ 50. ಆ ಪಟ್ಟಿಯ ‘ಚಲನಚಿತ್ರ ಕಲಾವಿದ’ರಲ್ಲಿ ಸಿನಿಮಾ ಕ್ಯಾಮೆರಾಮನ್ ಮತ್ತು ಎಡಿಟರ್ ಸೇರಿದ್ದಾರೆ; ಮದುವೆ ಫೋಟೊಗ್ರಾಫರ್ ಸೇರಿಲ್ಲ. ಆದ್ದರಿಂದ ಗಾಂಧಿನಗರದಲ್ಲಿ ಸಿನಿಮಾಕ್ಕೆ ಕ್ಯಾಮೆರಾ ಹಿಡಿಯುವವರಿಗೆ ಒಂದು ನಿಯಮ, ಊರಿನ ಸ್ಟುಡಿಯೊದವರಿಗೆ ಇನ್ನೊಂದು. ಎರಡನ್ನೂ ಮಾಡುವವರು ಆಡಿಟರ್ ಹತ್ತಿರ ಮೊದಲೇ ಬಿಡಿಸಿ ಹೇಳಿ.

18 ಲಕ್ಷದ ವಹಿವಾಟು, ಎಲ್ಲವೂ ಬ್ಯಾಂಕಿಗೇ ಬಂದದ್ದು. ಶೇ 6ರಂತೆ 1,08,000 ರೂಪಾಯಿ ಆದಾಯ ಎಂದು ತೋರಿಸಿ ಕೈತೊಳೆದುಕೊಳ್ಳುವವರು ಬಹಳ. ನಿಜವಾಗಿ ಉಳಿದದ್ದು 7 ಲಕ್ಷ ಇರಬಹುದು. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ 7 ಲಕ್ಷ ಬರೆದರೂ ತೆರಿಗೆ ಸೊನ್ನೆ, 1,08,000 ಬರೆದರೂ ಸೊನ್ನೆ. ವ್ಯತ್ಯಾಸ ಗೊತ್ತಾಗುವುದು ಮನೆ ಸಾಲಕ್ಕೆ ಬ್ಯಾಂಕಿಗೆ ಹೋದಾಗ. ತಿಂಗಳಿಗೆ 9,000 ರೂಪಾಯಿ ದುಡಿಯುವವರಿಗೆ ಯಾವ ಮ್ಯಾನೇಜರ್ ಸಾಲ ಕೊಟ್ಟಾರು? ಶೇ 6 ಎನ್ನುವುದು ಕನಿಷ್ಠ. ಹೆಚ್ಚು ಉಳಿದವರು ಹೆಚ್ಚು ತೋರಿಸಬೇಕು ಎಂಬುದೇ ಕಾನೂನಿನ ಆಶಯ, ಅದರಿಂದ ಒಳಿತಾಗುವುದೂ ನಿಮಗೇ. ತೆರಿಗೆ 10,000 ರೂಪಾಯಿ ಮುಟ್ಟುವಂತಿದ್ದರೆ ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು.

ಕಂಪನಿಗಳು ನಿಮ್ಮ ಬಿಲ್ಲಿನಲ್ಲಿ ಟಿಡಿಎಸ್ ಹಿಡಿದಿರುತ್ತವೆ, ಕೆಲವರು ಗುತ್ತಿಗೆ ಎಂದು ಶೇ 1, ಕೆಲವರು ವೃತ್ತಿ ಶುಲ್ಕ ಎಂದು ಶೇ 10. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಅದು ನಿಮ್ಮ ಪ್ಯಾನ್‌ಗೆ ಜಮೆ ಆಗಿದೆಯೇ ನೋಡಿಕೊಳ್ಳಿ. ರಿಟರ್ನ್ ಸಲ್ಲಿಸದೆ ಈ ಹಣ ವಾಪಸು ಬರುವುದಿಲ್ಲ.

ಇನ್ನು ನಗದಿನ ವಿಷಯ. ಮದುವೆ ಮನೆಗಳಲ್ಲಿ ಕವರಿನಲ್ಲಿ ಕೊಡುವುದು ವಾಡಿಕೆ. ಆದರೆ ಒಂದೇ ಸಮಾರಂಭಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದವರಿಗೆ ಪಡೆದಷ್ಟೇ ಮೊತ್ತದ ದಂಡ. ಕಂತು ಮಾಡಿದರೂ ತಪ್ಪಿಸಿಕೊಳ್ಳಲಾಗದು. ನಿಶ್ಚಿತಾರ್ಥದ ದಿನ 80,000, ಧಾರೆಯ ದಿನ 1,00,000, ಆಲ್ಬಂ ಕೊಟ್ಟ ದಿನ 70,000 ಎಂದು ಎಲ್ಲವನ್ನೂ ನಗದಾಗಿ ತೆಗೆದುಕೊಂಡರೆ ಒಂದು ಮದುವೆಗೆ ಎರಡೂವರೆ ಲಕ್ಷ ಆಯಿತು. ನೀವು ಕೊಡುವಾಗಲೂ ಒಬ್ಬರಿಗೆ ಒಂದು ದಿನ 10,000 ಮೀರಿ ನಗದು ಕೊಟ್ಟರೆ ಲೆಕ್ಕಪುಸ್ತಕ ಇಡುವವರಿಗೆ ಆ ಖರ್ಚು ಒಪ್ಪಿಗೆಯಾಗುವುದಿಲ್ಲ. ನಗದಿಗೆ ಕೊಂಡ ಕ್ಯಾಮೆರಾಗೆ ಸವಕಳಿಯೂ ಸಿಗುವುದಿಲ್ಲ. ಬ್ಯಾಂಕ್ ಮೂಲಕ ಬಿಲ್ ಪಡೆದು ಕೊಂಡರೆ ಕ್ಯಾಮೆರಾಗೆ ವರ್ಷಕ್ಕೆ ಶೇ 15, ಕಂಪ್ಯೂಟರ್‌ಗೆ ಶೇ 40.

ಆ ಚಿತ್ರಗಳು ಯಾರವು?

‘ಫೋಟೊ ತೆಗೆದದ್ದು ನಾನು, ಕಾಪಿರೈಟ್ ನನ್ನದು’ ಎಂಬುದು ಸ್ಟುಡಿಯೊಗಳಲ್ಲಿ ಬೇರೂರಿದ ನಂಬಿಕೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಬೇರೆಯೇ ಹೇಳುತ್ತದೆ. ಬೇರೆಯವರ ಕೋರಿಕೆಯಂತೆ ದುಡ್ಡು ಪಡೆದು ತೆಗೆದ ಫೋಟೊದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ಆ ಕೆಲಸ ಮಾಡಿಸಿದವರು. ಅಂದರೆ ಮದುವೆ ಮನೆಯವರು. ಅವರ ಅನುಮತಿ ಇಲ್ಲದೆ ವಧುವಿನ ಚಿತ್ರವನ್ನು ಇನ್‌ಸ್ಟಾಗ್ರಾಂಗೆ ಹಾಕುವುದಾಗಲಿ, ಅಂಗಡಿಯ ಮುಂದೆ ಫ್ಲೆಕ್ಸ್ ಮಾಡಿಸುವುದಾಗಲಿ ಸಲ್ಲದು. ಬೇಕಿದ್ದರೆ ಆರ್ಡರ್ ಹಿಡಿಯುವಾಗಲೇ ಬರೆಸಿಕೊಳ್ಳಿ.

ಇದಕ್ಕೆ ಹತ್ತು ಪುಟದ ಇಂಗ್ಲಿಷ್ ಕರಾರು ಬೇಡ. ಆರ್ಡರ್ ಫಾರ್ಮಿನ ಹಿಂಬದಿಯಲ್ಲಿ ಕನ್ನಡದಲ್ಲಿ ಇಷ್ಟು ಅಚ್ಚು ಹಾಕಿಸಿ, ಎರಡೂ ಕಡೆಯವರು ಸಹಿ ಮಾಡಿದರೆ ಸಾಕು:

‘ಮುಂಗಡ ಹಣ ಬಂದ ಮೇಲಷ್ಟೇ ದಿನಾಂಕ ಕಾಯ್ದಿರಿಸಲಾಗುವುದು. ಗ್ರಾಹಕರು ಫೋಟೊ ಆಯ್ಕೆ ಮಾಡಿ ಕೊಟ್ಟ 45 ದಿನದೊಳಗೆ ಆಲ್ಬಂ ಕೊಡಲಾಗುವುದು. ಆಯ್ಕೆ ತಡವಾದರೆ ಆಲ್ಬಮ್ಮೂ ತಡವಾಗುತ್ತದೆ. ಮೂಲ ಫೈಲುಗಳನ್ನು ಕಾರ್ಯಕ್ರಮದ ದಿನದಿಂದ ಆರು ತಿಂಗಳು ಮಾತ್ರ ಇಟ್ಟುಕೊಳ್ಳಲಾಗುವುದು. ಸ್ಟುಡಿಯೊದ ಪ್ರಚಾರಕ್ಕೆ ಚಿತ್ರಗಳನ್ನು ಬಳಸಲು ಗ್ರಾಹಕರ ಒಪ್ಪಿಗೆ: ಇದೆ / ಇಲ್ಲ.’

ಕೊನೆಯ ಸಾಲಿನಲ್ಲಿ ‘ಇಲ್ಲ’ ಎಂಬುದನ್ನೂ ಅಚ್ಚು ಹಾಕಿಸಿ. ಆಯ್ಕೆ ಇದ್ದಾಗ ಜನ ಧಾರಾಳವಾಗಿ ‘ಇದೆ’ ಎನ್ನುತ್ತಾರೆ. ಮೆಮೊರಿ ಕಾರ್ಡ್ ಕೆಟ್ಟು ಮಾಂಗಲ್ಯಧಾರಣೆಯ ಚಿತ್ರವೇ ಹೋಯಿತು ಎಂದಾದರೆ ಗ್ರಾಹಕರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, 5 ಲಕ್ಷದವರೆಗಿನ ದೂರಿಗೆ ಅವರಿಗೆ ಶುಲ್ಕವೂ ಇಲ್ಲ. ಎರಡು ಕಾರ್ಡ್ ಸ್ಲಾಟ್ ಇರುವ ಕ್ಯಾಮೆರಾ, ಅದೇ ರಾತ್ರಿ ಇನ್ನೊಂದು ಹಾರ್ಡ್ ಡಿಸ್ಕಿಗೆ ಪ್ರತಿ, ಇವೆರಡೂ ವಕೀಲರ ಫೀಸಿಗಿಂತ ಅಗ್ಗ.

ಡ್ರೋನ್ ಹಾರಿಸುವವರಿಗೆ 2021ರ ಡ್ರೋನ್ ನಿಯಮಗಳಿವೆ. 250 ಗ್ರಾಂವರೆಗಿನ ನ್ಯಾನೊ ಡ್ರೋನ್‌ಗೆ ಪೈಲಟ್ ಪ್ರಮಾಣಪತ್ರ ಬೇಡ. ಅದಕ್ಕಿಂತ ಭಾರದ್ದನ್ನು ದುಡ್ಡಿಗಾಗಿ ಹಾರಿಸುವುದಾದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮಾನ್ಯತೆ ಪಡೆದ ಕೇಂದ್ರದಲ್ಲಿ ತರಬೇತಿ, ಪ್ರಮಾಣಪತ್ರ, ಡ್ರೋನ್‌ಗೆ ವಿಶಿಷ್ಟ ಗುರುತಿನ ಸಂಖ್ಯೆ, ವಿಮೆ ಬೇಕು. ವಿಮಾನ ನಿಲ್ದಾಣದ ಸುತ್ತ, ಸೇನಾ ನೆಲೆಗಳ ಹತ್ತಿರ ನಕ್ಷೆ ನೋಡದೆ ಹಾರಿಸಲೇಬೇಡಿ. ಬಾಡಿಗೆಗೆ ಡ್ರೋನ್‌ನವರನ್ನು ಕರೆಯುವುದಾದರೂ ಪ್ರಮಾಣಪತ್ರದ ಪ್ರತಿ ಕೇಳಿ ಪಡೆಯಿರಿ. ಹಂಪಿಯಲ್ಲೋ ಬೇಲೂರಿನಲ್ಲೋ ಪ್ರಿ-ವೆಡ್ಡಿಂಗ್ ಶೂಟ್ ಮಾಡುವಾಗ ಟ್ರೈಪಾಡ್, ಲೈಟು ಹೂಡಲು ಪುರಾತತ್ವ ಸರ್ವೇಕ್ಷಣೆಯ ಅನುಮತಿ ಮೊದಲೇ ಇರಲಿ.

ಒಳ್ಳೆಯ ಆಡಿಟರ್ ಸಿಕ್ಕರೆ ಈ ಹೊರೆಯಲ್ಲಿ ಅರ್ಧ ಇಳಿಯುತ್ತದೆ. ನಿಮ್ಮ ಜಿಲ್ಲೆಯ ಛಾಯಾಗ್ರಾಹಕರ ಸಂಘದಲ್ಲಿ ವಿಚಾರಿಸಿದರೆ ಈ ಕಸುಬಿನ ಲೆಕ್ಕ ಗೊತ್ತಿರುವವರ ಹೆಸರು ಸಿಗುತ್ತದೆ. ಆದರೆ ಜಿಎಸ್‌ಟಿ, ಆದಾಯ ತೆರಿಗೆ, ಉದ್ಯಮ್ ಎಲ್ಲ ಪೋರ್ಟಲ್‌ಗಳಲ್ಲೂ ನಮೂದಾಗುವ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ನಿಮ್ಮದೇ ಆಗಿರಲಿ, ಪಾಸ್‌ವರ್ಡ್ ನಿಮ್ಮ ಹತ್ತಿರವೂ ಇರಲಿ. ಆಡಿಟರ್ ಕಚೇರಿಯ ಹುಡುಗನ ಫೋನಿಗೆ ಬಂದ ನೋಟಿಸ್, ಅವನು ಕೆಲಸ ಬಿಟ್ಟ ಮೇಲೆ ಯಾರಿಗೂ ಸಿಗುವುದಿಲ್ಲ. ಜಿಎಸ್‌ಟಿ ಮಾಡಿಸಿದ ಮೇಲೆ ವ್ಯಾಪಾರ ಇಲ್ಲದ ಅವಧಿಗೂ ರಿಟರ್ನ್ ಹಾಕಬೇಕು. ಸ್ಟುಡಿಯೊ ಮುಚ್ಚಿದರೆ ನೋಂದಣಿಯನ್ನೂ ರದ್ದು ಮಾಡಿಸಿ, ಇಲ್ಲವಾದರೆ ಮುಚ್ಚಿದ ಅಂಗಡಿಯ ಹೆಸರಿನಲ್ಲೂ ವಿಳಂಬ ಶುಲ್ಕ ಏರುತ್ತಲೇ ಇರುತ್ತದೆ.